ಅಂಗಾರಕನ ಅಂಗಳದಲ್ಲಿ ವಸಂತ

ಮಂಗಳ ಗ್ರಹಕ್ಕೆ ನಮ್ಮ ಪಂಚಾಂಗಗಳು ಕೊಡುವ ಹೆಸರುಗಳಲ್ಲಿ ಅಂಗಾರಕ ಎಂಬುದೂ ಒಂದು. ಅಂಗಾರ ಎಂದರೆ ಕೆಂಡ. ಬರಿಗಣ್ಣಿಗೆ ಕಾಣುವ ಮಂಗಳನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಆದರೆ ಒಳ್ಳೆಯ ದೂರದರ್ಶಕದಲ್ಲಿ ನೋಡಿದವರಿಗೆ ಆ ಕೆಂಡದ ಮೇಲೆ ಬೇರೆ ಬಣ್ಣಗಳೂ ಕಂಡವು. ಧ್ರುವಗಳ ಮೇಲೆ ಬಿಳಿಯ ಟೋಪಿ, ಕಿತ್ತಳೆ ಬಣ್ಣದ ಬಯಲುಗಳ ನಡುವೆ ಅಲ್ಲಲ್ಲಿ ಕಪ್ಪು ಮಚ್ಚೆಗಳು. ಕೆಲವರ ಕಣ್ಣಿಗೆ ಆ ಮಚ್ಚೆಗಳು ಹಸಿರಾಗಿಯೂ ತೋರಿದವು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಬಣ್ಣಗಳು ಇದ್ದ ಹಾಗೇ ಇರುತ್ತಿರಲಿಲ್ಲ. ಮಂಗಳನ ವಸಂತದಲ್ಲಿ ಧ್ರುವದ ಬಿಳುಪು ಕುಗ್ಗತೊಡಗಿದಾಗ ಅದರ ಅಂಚಿನ ಕಪ್ಪು ಪ್ರದೇಶಗಳು ಮೊದಲು ಗಾಢವಾಗುತ್ತಿದ್ದವು. ಆಮೇಲೆ ಆ ಕಪ್ಪು ಒಂದರ ನಂತರ ಒಂದು ಪ್ರದೇಶಕ್ಕೆ ಹಬ್ಬುತ್ತ ಗ್ರಹದ ನಡುಭಾಗದತ್ತ ಸಾಗಿದಂತೆ ಕಾಣುತ್ತಿತ್ತು. ಖಗೋಳ ವಿಜ್ಞಾನಿಗಳು ಇದನ್ನು ‘ಕಪ್ಪೇರುವ ಅಲೆ’ ಎಂದು ಕರೆದರು.

ಹಿಮ ಕರಗಿದರೆ ನೀರು. ನೀರು ಹರಿದರೆ ಹಸಿರು. ಮಳೆಗಾಲಕ್ಕೆ ಕಾದು ಕೂರುವ ಭೂಮಿಯ ಮನುಷ್ಯನಿಗೆ ಇದಕ್ಕಿಂತ ಸಹಜವಾದ ವಿವರಣೆ ಯಾವುದು? ಸುಮಾರು ನೂರು ವರ್ಷ ಈ ವಿವರಣೆ ಬಾಳಿತು. ಅದು ಬಿದ್ದುಹೋದ ಬಗೆ ವಿಜ್ಞಾನದ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯ. ಏಕೆಂದರೆ ನೋಡಿದವರ ಕಣ್ಣು ಬಹುಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಕಂಡದ್ದಕ್ಕೆ ಮನಸ್ಸು ಕೊಟ್ಟ ಅರ್ಥ ಮಾತ್ರ ತಪ್ಪಾಗಿತ್ತು.

ಹಿಮದ ಟೋಪಿ, ಹಸಿರಿನ ಕನಸು

ಮಂಗಳನ ಮೇಲ್ಮೈಯ ಗುರುತೊಂದನ್ನು ಮೊದಲು ಸ್ಪಷ್ಟವಾಗಿ ಚಿತ್ರಿಸಿದವನು ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್. 1659ರಲ್ಲಿ ಆತ ಬರೆದ ತ್ರಿಕೋನಾಕಾರದ ಕಪ್ಪು ಮಚ್ಚೆಯನ್ನು ಇಂದು ಸಿರ್ಟಿಸ್ ಮೇಜರ್ ಎನ್ನುತ್ತಾರೆ. ಆ ಮಚ್ಚೆಯ ಚಲನೆಯಿಂದ ಮಂಗಳನ ಒಂದು ದಿನ ಸುಮಾರು 24 ಗಂಟೆಗಳದ್ದೆಂದು ಆತ ಕಂಡುಕೊಂಡ. 1666ರಲ್ಲಿ ಕ್ಯಾಸಿನಿ ಧ್ರುವಗಳ ಬಿಳುಪನ್ನು ಗುರುತಿಸಿದ. 1777ರಿಂದ 1783ರವರೆಗೆ ಈ ಗ್ರಹದ ಮೇಲೆ ಕಣ್ಣಿಟ್ಟಿದ್ದ ವಿಲಿಯಂ ಹರ್ಷೆಲ್, 1784ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮಹತ್ವದ ಮಾತು ಹೇಳಿದ. ಮಂಗಳನ ಅಕ್ಷ ಭೂಮಿಯ ಅಕ್ಷದಂತೆಯೇ ಓರೆಯಾಗಿದೆ. ಆದ್ದರಿಂದ ಅಲ್ಲಿಯೂ ಋತುಗಳಿವೆ. ಧ್ರುವಗಳ ಬಿಳುಪು ಚಳಿಗಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಕರಗುವ ಹಿಮ.

ಭೂಮಿಯ ಅಕ್ಷದ ಓರೆ ಇಪ್ಪತ್ತಮೂರೂವರೆ ಡಿಗ್ರಿಯಾದರೆ ಮಂಗಳನದು ಇಪ್ಪತ್ತೈದು ಡಿಗ್ರಿಗೆ ತುಸು ಹೆಚ್ಚು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮಂಗಳನ ವರ್ಷ ಭೂಮಿಯ 687 ದಿನಗಳಷ್ಟು ದೀರ್ಘ. ಅದರ ಕಕ್ಷೆಯೂ ಹೆಚ್ಚು ಅಂಡಾಕಾರದ್ದು. ಸೂರ್ಯನಿಗೆ ಹತ್ತಿರವಿದ್ದಾಗ ದೂರ 20.7 ಕೋಟಿ ಕಿಲೋಮೀಟರ್. ದೂರ ಹೋದಾಗ 24.9 ಕೋಟಿ. ಹೀಗಾಗಿ ಋತುಗಳ ಅವಧಿ ಸಮನಾಗಿಲ್ಲ. ಉತ್ತರಾರ್ಧದ ವಸಂತ ಮಂಗಳನ 194 ದಿನಗಳಷ್ಟು ಎಳೆದರೆ, ಶರತ್ಕಾಲ 142 ದಿನಗಳಲ್ಲೇ ಮುಗಿಯುತ್ತದೆ. ಗ್ರಹ ಸೂರ್ಯನಿಗೆ ಸಮೀಪವಿರುವಾಗ ದಕ್ಷಿಣಾರ್ಧದಲ್ಲಿ ವಸಂತ ಮತ್ತು ಬೇಸಿಗೆ. ಅವು ಚಿಕ್ಕವು, ಆದರೆ ಪ್ರಖರವಾದವು. ಮುಂದಿನ ಕಥೆಗೆಲ್ಲ ಈ ಅಸಮತೋಲನವೇ ಕೀಲಿಕೈ.

ಕಪ್ಪು ಪ್ರದೇಶಗಳನ್ನು ಮೊದಲು ಸಮುದ್ರಗಳೆಂದೇ ತಿಳಿಯಲಾಗಿತ್ತು. 1860ರಲ್ಲಿ ಫ್ರಾನ್ಸಿನ ಎಮ್ಯಾನುಯೆಲ್ ಲಿಯಾ ಅವು ನೀರಲ್ಲ, ಸಸ್ಯರಾಶಿ ಇರಬಹುದು ಎಂದು ಸೂಚಿಸಿದ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡು ಅವಕ್ಕೆ ‘ಕನಾಲಿ’ ಎಂದ. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ತೊರೆಯ ಪಾತ್ರ ಎಂಬ ಅರ್ಥವೂ ಇತ್ತು. ಇಂಗ್ಲಿಷಿಗೆ ಬಂದಾಗ ಅದು ತೋಡಿದ ಕಾಲುವೆಯಾಯಿತು. 1894ರಲ್ಲಿ ಅಮೆರಿಕದ ಸಿರಿವಂತ ಪರ್ಸಿವಲ್ ಲೊವೆಲ್ ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ ಮಂಗಳನ ಬೆನ್ನು ಹತ್ತಿದ. ಕಪ್ಪೇರುವ ಅಲೆ ದಿನಕ್ಕೆ ಸುಮಾರು 50 ಮೈಲಿ ವೇಗದಲ್ಲಿ ಸಾಗುತ್ತದೆಂದು ಲೆಕ್ಕ ಹಾಕಿದ. ನೀರು ತಾನಾಗಿ ಧ್ರುವದಿಂದ ಸಮಭಾಜಕಕ್ಕೆ ಹರಿಯಲು ಕಾರಣವಿಲ್ಲ, ಆದ್ದರಿಂದ ಯಾರೋ ಅದನ್ನು ಸಾಗಿಸುತ್ತಿರಬೇಕು ಎಂಬುದು ಆತನ ತರ್ಕ. ಒಣಗುತ್ತಿರುವ ಗ್ರಹದಲ್ಲಿ ಕಾಲುವೆ ತೋಡಿ ಬೆಳೆ ಬೆಳೆಯುವ ಬುದ್ಧಿಜೀವಿಗಳು ಹೀಗೆ ಹುಟ್ಟಿಕೊಂಡರು.

1909ರಲ್ಲಿ ಆಂಟೋನಿಯಾಡಿ ಎಂಬ ಖಗೋಳಜ್ಞ ಪ್ಯಾರಿಸ್ ಬಳಿಯ ಮ್ಯೂಡಾನ್‌ನ ದೊಡ್ಡ ದೂರದರ್ಶಕದಲ್ಲಿ ನೋಡಿದಾಗ ಕಾಲುವೆಗಳು ಒಡೆದು ಬಿಡಿಬಿಡಿ ಮಚ್ಚೆಗಳಾದವು. ಕಾಲುವೆಗಳು ಹೋದರೂ ಹಸಿರು ಹೋಗಲಿಲ್ಲ.

ವಾದ, ಪ್ರತಿವಾದ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಗಂಭೀರ ವಿಜ್ಞಾನಿಗಳು ಮಂಗಳನ ಸಸ್ಯಗಳ ಬಗ್ಗೆ ಬರೆಯುತ್ತಿದ್ದರು. 1947ರಲ್ಲಿ ಸೋವಿಯತ್ ಒಕ್ಕೂಟದ ಅಲ್ಮಾ-ಅತಾದಲ್ಲಿ ಗವ್ರಿಲ್ ಟಿಖೋವ್ ಅವರ ನೇತೃತ್ವದಲ್ಲಿ ಖಗೋಳ ಸಸ್ಯಶಾಸ್ತ್ರಕ್ಕೆಂದೇ ಒಂದು ವಿಭಾಗ ಆರಂಭವಾಯಿತು. ಚಳಿಪ್ರದೇಶದ ಗಿಡಗಳು ಬೆಳಕನ್ನು ಹೇಗೆ ಪ್ರತಿಫಲಿಸುತ್ತವೆ ಎಂದು ಅಳೆದು ಅದನ್ನು ಮಂಗಳನ ಬೆಳಕಿನೊಡನೆ ಹೋಲಿಸುವುದು ಅಲ್ಲಿನ ಕೆಲಸ. 1950ರಲ್ಲಿ ಎಸ್ಟೋನಿಯಾ ಮೂಲದ ಅರ್ನ್ಸ್ಟ್ ಓಪಿಕ್ ಒಂದು ಚತುರ ವಾದ ಮುಂದಿಟ್ಟರು. ಮಂಗಳನಲ್ಲಿ ಧೂಳಿನ ಬಿರುಗಾಳಿಗಳಿವೆ. ಕಪ್ಪು ಪ್ರದೇಶಗಳು ನಿರ್ಜೀವವಾಗಿದ್ದರೆ ಎಂದೋ ಧೂಳಿನಡಿ ಮುಚ್ಚಿಹೋಗಬೇಕಿತ್ತು. ಮತ್ತೆ ಮತ್ತೆ ಮೇಲೇಳುತ್ತವೆ ಎಂದರೆ ಅಲ್ಲಿ ಬೆಳೆಯುವ ಏನೋ ಇದೆ.

1957ರಲ್ಲಿ ಅಮೆರಿಕದ ವಿಲಿಯಂ ಸಿಂಟನ್, ಮಂಗಳನಿಂದ ಬರುವ ಅವರಕ್ತ ಬೆಳಕಿನಲ್ಲಿ ಸಸ್ಯಗಳಲ್ಲಿರುವಂಥ ಇಂಗಾಲದ ಸಂಯುಕ್ತಗಳ ಗುರುತು ಸಿಕ್ಕಿತೆಂದು ಪ್ರಕಟಿಸಿದರು. ಹಸಿರಿನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಒಪ್ಪದವರೂ ಇದ್ದರು. ತೇವ ಹೀರಿ ಬಣ್ಣ ಬದಲಿಸುವ ಲವಣಗಳೇ ಕಪ್ಪಿಗೆ ಕಾರಣ ಎಂದು ಸ್ವೀಡನ್ನಿನ ಅರೀನಿಯಸ್ ಹಿಂದೆಯೇ ಹೇಳಿದ್ದರು. 1954ರಲ್ಲಿ ಅಮೆರಿಕದ ಡೀನ್ ಮೆಕ್‌ಲಾಫ್ಲಿನ್, ಋತುಮಾನದ ಗಾಳಿ ಹೊತ್ತೊಯ್ದು ಹರಡುವ ಜ್ವಾಲಾಮುಖಿಯ ಬೂದಿಯೇ ಈ ಮಚ್ಚೆಗಳು ಎಂದರು. ಹಸಿರು ಬಣ್ಣ ಕೇವಲ ಕಣ್ಣಿನ ಭ್ರಮೆ ಎನ್ನುವ ವಾದವೂ ಇತ್ತು. ಕಿತ್ತಳೆ ಬಣ್ಣದ ಪಕ್ಕದಲ್ಲಿ ಬೂದು ಬಣ್ಣವಿಟ್ಟರೆ ಆ ಬೂದು ಹಸಿರುನೀಲಿಯಾಗಿ ಕಾಣುವುದು ಮನುಷ್ಯನ ಕಣ್ಣಿನ ಸ್ವಭಾವ.

ವಾದ ತೀರ್ಮಾನವಾಗದಿರಲು ಒಂದು ಬಲವಾದ ಕಾರಣವಿತ್ತು. ಮಂಗಳ ಭೂಮಿಗೆ ಹತ್ತಿರ ಬರುವುದು ಸುಮಾರು 26 ತಿಂಗಳಿಗೊಮ್ಮೆ, ಅದೂ ಕೆಲವು ತಿಂಗಳ ಮಟ್ಟಿಗೆ. ಉಳಿದ ಕಾಲದಲ್ಲಿ ಅದು ಒಂದು ಚುಕ್ಕಿ. ಹೀಗೆ ಕಂಡಾಗಲೂ ಪ್ರತಿ ಬಾರಿ ಬೇರೆ ಋತು. ಒಂದೇ ಋತು ಅಷ್ಟೇ ಹತ್ತಿರದಿಂದ ಮತ್ತೆ ಕಾಣಬೇಕಾದರೆ 15 ಅಥವಾ 17 ವರ್ಷ ಕಾಯಬೇಕು. ಮಂಗಳನ ಒಂದು ಇಡೀ ವರ್ಷವನ್ನು ಎಡೆಬಿಡದೆ ನೋಡಿದವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಹರಿದ ಪುಸ್ತಕದ ಬಿಡಿ ಹಾಳೆಗಳಿಂದ ಕಥೆ ಹೊಸೆದಂತೆ ಅವರು ಮಂಗಳನ ಋತುಚಕ್ರವನ್ನು ಹೊಸೆದಿದ್ದರು. ನೋಡಬೇಕಿದ್ದರೆ ಅಲ್ಲೇ ಹೋಗಿ ಸುತ್ತುತ್ತ ಕೂರಬೇಕಿತ್ತು.

ಧೂಳಿನ ಮರೆಯಲ್ಲಿ ಮ್ಯಾರಿನರ್

1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಮಂಗಳನ ಪಕ್ಕದಲ್ಲಿ ಹಾದುಹೋಯಿತು. ಅಲ್ಲಿನ ಗಾಳಿಯ ಒತ್ತಡ ಭೂಮಿಯ ಒತ್ತಡದ ನೂರರಲ್ಲೊಂದು ಪಾಲೂ ಇಲ್ಲವೆಂದು ತಿಳಿಯಿತು. ಅದೇ ವರ್ಷ ಸಿಂಟನ್ ಕಂಡ ಗುರುತುಗಳ ಗುಟ್ಟೂ ಹೊರಬಿತ್ತು. ಅವು ಮಂಗಳನವಲ್ಲ. ಭೂಮಿಯ ವಾತಾವರಣದಲ್ಲೇ ಇರುವ ಭಾರಜಲದ ಆವಿ ಮೂಡಿಸಿದ ಗುರುತುಗಳು. ಇದನ್ನು ತೋರಿಸಿಕೊಟ್ಟ ಪ್ರಬಂಧದ ಲೇಖಕರಲ್ಲಿ ಸ್ವತಃ ಸಿಂಟನ್ ಒಬ್ಬರು ಎಂಬುದು ಗಮನಾರ್ಹ.

1966ರಲ್ಲಿ ರಾಬರ್ಟ್ ಲೈಟನ್ ಮತ್ತು ಬ್ರೂಸ್ ಮರ್ರೆ ಲೆಕ್ಕ ಹಾಕಿ, ಧ್ರುವಗಳಲ್ಲಿ ಋತುವಿನೊಡನೆ ಬೆಳೆದು ಕುಗ್ಗುವ ಬಿಳುಪು ನೀರಿನ ಹಿಮವಲ್ಲ, ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್ ಎಂದು ತೋರಿಸಿದರು. 1969ರಲ್ಲಿ ಮ್ಯಾರಿನರ್-7 ಅಳೆದ ತಾಪಮಾನ ಅದಕ್ಕೆ ಸರಿಹೊಂದಿತು. ಆ ಹಿಮ ಕರಗಿ ನೀರಾಗುವುದಿಲ್ಲ. ಕರ್ಪೂರದಂತೆ ನೇರವಾಗಿ ಆವಿಯಾಗುತ್ತದೆ. ಕಾಲುವೆಗೂ ಗದ್ದೆಗೂ ನೀರಿನ ಮೂಲವೇ ಇಲ್ಲದಾಯಿತು.

ಹಾಗಾದರೆ ಕಪ್ಪೇರುವ ಅಲೆ ಏನು? ಕಾರ್ಲ್ ಸೇಗನ್ ಮತ್ತು ಜೇಮ್ಸ್ ಪೊಲಾಕ್ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎಲ್ಲವೂ ಗಾಳಿ ಮತ್ತು ಧೂಳಿನ ಆಟ ಎಂದು ವಾದಿಸಿದರು. ಪರೀಕ್ಷಿಸಲು ಅವಕಾಶ ಬೇಗನೆ ಒದಗಿತು. 1971ರಲ್ಲಿ ಅಮೆರಿಕ ಎರಡು ನೌಕೆಗಳನ್ನು ಮಂಗಳನ ಕಕ್ಷೆಗೆ ಕಳುಹಿಸಲು ಸಿದ್ಧಪಡಿಸಿತ್ತು. ಒಂದು ನಕ್ಷೆ ತಯಾರಿಸುವುದಕ್ಕೆ, ಇನ್ನೊಂದು ಮೇಲ್ಮೈಯ ಬದಲಾವಣೆಗಳನ್ನು ಗಮನಿಸುವುದಕ್ಕೆ. ಮೊದಲನೆಯದಾದ ಮ್ಯಾರಿನರ್-8 ಮೇ ತಿಂಗಳಲ್ಲಿ ಉಡಾವಣೆಯಲ್ಲೇ ವಿಫಲವಾಗಿ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಎರಡರ ಹೊಣೆಯನ್ನೂ ಹೊತ್ತು ಮೇ 30ರಂದು ಮ್ಯಾರಿನರ್-9 ಹೊರಟಿತು.

ನವೆಂಬರ್ 14ರಂದು ಅದು ಮಂಗಳನ ಕಕ್ಷೆ ಸೇರಿತು. ಭೂಮಿಯಲ್ಲದ ಇನ್ನೊಂದು ಗ್ರಹವನ್ನು ಸುತ್ತಿದ ಮೊದಲ ನೌಕೆ ಅದು. ಆದರೆ ಕ್ಯಾಮೆರಾ ತೆರೆದು ನೋಡಿದರೆ ಕಾಣಲು ಏನೂ ಇರಲಿಲ್ಲ! ಸೆಪ್ಟೆಂಬರಿನಲ್ಲಿ ಎದ್ದಿದ್ದ ಧೂಳಿನ ಬಿರುಗಾಳಿ ಇಡೀ ಗ್ರಹವನ್ನು ಮುಸುಕಿತ್ತು. ಆ ಮುಸುಕಿನ ಮೇಲೆ ತಲೆ ಎತ್ತಿದ್ದ ನಾಲ್ಕು ಕಪ್ಪು ಚುಕ್ಕೆಗಳು ಮಾತ್ರ ಕಂಡವು. ಅವು ದೈತ್ಯ ಜ್ವಾಲಾಮುಖಿಗಳ ಶಿಖರಗಳೆಂದು ಆಮೇಲೆ ತಿಳಿಯಿತು. ಅದೇ ವೇಳೆ ಬಂದ ಸೋವಿಯತ್ ನೌಕೆಗಳಾದ ಮಾರ್ಸ್-2 ಮತ್ತು ಮಾರ್ಸ್-3 ಮೊದಲೇ ನಿಗದಿಯಾದಂತೆ ತಮ್ಮ ಇಳಿನೌಕೆಗಳನ್ನು ಬಿರುಗಾಳಿಯೊಳಕ್ಕೇ ಇಳಿಸಿದವು. ಒಂದು ಅಪ್ಪಳಿಸಿತು, ಇನ್ನೊಂದು ಇಳಿದು ಸುಮಾರು 20 ಸೆಕೆಂಡು ಸಂಕೇತ ಕಳುಹಿಸಿ ಮೌನವಾಯಿತು. ಮ್ಯಾರಿನರ್-9ಕ್ಕೆ ಭೂಮಿಯಿಂದ ಹೊಸ ಆದೇಶ ಕೊಡಲು ಸಾಧ್ಯವಿತ್ತು. ಕಾಯುವಂತೆ ಅದಕ್ಕೆ ಹೇಳಲಾಯಿತು.

ಗಾಳಿಯ ಕೈಬರಹ

1972ರ ಆರಂಭದಲ್ಲಿ ಧೂಳು ಇಳಿಯಿತು. ಹಾಗೆ ಇಳಿಯುವುದನ್ನು ಕಕ್ಷೆಯಿಂದ ನೋಡಲು ಸಿಕ್ಕಿದ್ದೇ ಒಂದು ಭಾಗ್ಯವಾಯಿತು. ಕೆಮ್ಮಣ್ಣಿನ ರಸ್ತೆಯ ಪಕ್ಕದ ಕರಿಬಂಡೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಸ್ಸು ಹೋದಾಗ ಧೂಳು ಕೂತು ಬಂಡೆ ಕೆಂಪಾಗುತ್ತದೆ. ಗಾಳಿ ಬೀಸಿದಾಗ ಮತ್ತೆ ಕಪ್ಪಾಗುತ್ತದೆ. ಮಂಗಳನ ಕಪ್ಪು ಪ್ರದೇಶಗಳು ಜ್ವಾಲಾಮುಖಿಯ ಕರಿಕಲ್ಲು ಮತ್ತು ದಪ್ಪ ಮರಳಿನವು. ಅದರ ಮೇಲೆ ತೀರ ತೆಳುವಾಗಿ ಕೂತ ನಯವಾದ ಧೂಳೂ ಬಣ್ಣ ಬದಲಿಸಬಲ್ಲದು. ಹೈಗೆನ್ಸ್ ಬರೆದ ಸಿರ್ಟಿಸ್ ಮೇಜರ್ ಸಮುದ್ರವಲ್ಲ, ಕಾಡೂ ಅಲ್ಲ. ಒಂದು ಹಳೆಯ ಜ್ವಾಲಾಮುಖಿಯ ವಿಶಾಲ ಇಳಿಜಾರು.

ಕುಳಿಗಳ ಹಿಂದೆ ಗಾಳಿಯ ದಿಕ್ಕಿನಲ್ಲಿ ಚಾಚಿದ ಬಿಳಿಯ ಮತ್ತು ಕಪ್ಪು ಬಾಲಗಳು ಸಾವಿರಾರು ಸಂಖ್ಯೆಯಲ್ಲಿ ಕಂಡವು. ಕೆಲವು ಕಪ್ಪು ಗುರುತುಗಳು ಕೆಲವೇ ವಾರಗಳಲ್ಲಿ ಆಕಾರ ಬದಲಿಸಿದವು. ಯಾವ ಗಿಡವೂ ಅಷ್ಟು ಬೇಗ ಬೆಳೆಯದು. ಗಾಳಿಗೆ ಅದು ಒಂದು ದಿನದ ಕೆಲಸ. 1972ರ ಅಕ್ಟೋಬರಿನಲ್ಲಿ ದಿಕ್ಕು ನಿಯಂತ್ರಿಸುವ ಅನಿಲ ಮುಗಿಯುವ ಹೊತ್ತಿಗೆ ಮ್ಯಾರಿನರ್-9 ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತ್ತು.

ಓಪಿಕ್ ಅವರ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು. ಕಪ್ಪು ಪ್ರದೇಶಗಳು ಧೂಳಿನಿಂದ ಮೇಲೇಳುವುದು ನಿಜ; ಆದರೆ ಧೂಳನ್ನು ಒದ್ದು ಮೇಲೇಳುವುದು ಬೇರು, ಎಲೆಗಳಲ್ಲ. ಅದನ್ನು ಗುಡಿಸುವುದು ಗಾಳಿ. ಸೂರ್ಯ ಹತ್ತಿರವಿರುವ ದಕ್ಷಿಣದ ಬೇಸಿಗೆಯಲ್ಲಿ ನೆಲ ಹೆಚ್ಚು ಕಾದು ಧೂಳು ಏಳುತ್ತದೆ, ಎಲ್ಲೆಡೆ ಕೂರುತ್ತದೆ. ಉಳಿದ ಋತುಗಳಲ್ಲಿ ಗಾಳಿ ಅದನ್ನು ಕಪ್ಪು ನೆಲದಿಂದ ತೆಗೆಯುತ್ತದೆ. 1970ರ ದಶಕದ ಅಳತೆಗಳು ಇನ್ನೊಂದು ಅಂಶವನ್ನೂ ತೋರಿಸಿದವು. ಲೊವೆಲ್ ಕಂಡ ಅಲೆಯಲ್ಲಿ ಕಪ್ಪು ಪ್ರದೇಶಗಳು ಕಪ್ಪಾಗಿದ್ದಕ್ಕಿಂತ ಅಕ್ಕಪಕ್ಕದ ತಿಳಿ ಪ್ರದೇಶಗಳು ಹೆಚ್ಚು ಬೆಳಗಿದ್ದೇ ಮುಖ್ಯವಾಗಿತ್ತು. ಪಕ್ಕದ ಗೋಡೆಗೆ ಸುಣ್ಣ ಬಳಿದರೆ ಈ ಗೋಡೆ ಮಾಸಿದಂತೆ ಕಾಣುವುದಿಲ್ಲವೇ? ಹಾಗೆ.

ಗಾಳಿಯೇ ಹೆಪ್ಪುಗಟ್ಟುವ ಚಳಿಗಾಲ

ಹಸಿರು ಹೋದ ಮೇಲೆ ಮಂಗಳನ ಋತುಗಳಲ್ಲಿ ನೋಡಲು ಏನೂ ಉಳಿಯಲಿಲ್ಲವೆಂದಲ್ಲ. 1976ರಲ್ಲಿ ತಲುಪಿದ ಎರಡು ವೈಕಿಂಗ್ ನೌಕೆಗಳು ಕಕ್ಷೆಯಿಂದಲೂ ನೆಲದಿಂದಲೂ ಹಲವು ವರ್ಷ ಗಮನಿಸಿದವು. ಚಳಿಗಾಲದಲ್ಲಿ ಧ್ರುವದ ತಾಪಮಾನ ಸೊನ್ನೆಗಿಂತ 125 ಡಿಗ್ರಿಯಷ್ಟು ಕೆಳಗಿಳಿದು ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತದೆ. ಇಡೀ ಗ್ರಹದ ವಾತಾವರಣದ ಕಾಲು ಭಾಗದಷ್ಟು ಹೀಗೆ ಹಿಮವಾಗಿ ವಸಂತದಲ್ಲಿ ಮತ್ತೆ ಗಾಳಿಯಾಗುತ್ತದೆ. ಗ್ರಹವೇ ಉಸಿರೆಳೆದು ಬಿಟ್ಟಂತೆ. ಬೇಸಿಗೆಯಲ್ಲಿ ಉತ್ತರ ಧ್ರುವದಲ್ಲಿ ಉಳಿಯುವ ಬಿಳುಪು ಮಾತ್ರ ನೀರಿನ ಹಿಮ ಎಂದೂ ತಿಳಿಯಿತು. ಹರ್ಷೆಲ್ ಪೂರ್ತಿ ತಪ್ಪಿರಲಿಲ್ಲ. ವೈಕಿಂಗ್-2 ಇಳಿದ ಜಾಗದಲ್ಲಂತೂ ಚಳಿಗಾಲದ ಕಲ್ಲುಗಳ ನಡುವೆ ನೀರಿನ ಹಿಮದ ತೆಳು ಪದರ ಚಿತ್ರದಲ್ಲಿ ಸಿಕ್ಕಿತು.

1997ರಲ್ಲಿ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ಲೇಸರ್ ಕಿರಣದಿಂದ ಈ ಹಿಮದ ಏರಿಳಿತವನ್ನೇ ಅಳೆಯಿತು. ಧ್ರುವದ ಬಳಿ ಅದರ ದಪ್ಪ ಒಂದೂವರೆಯಿಂದ ಎರಡು ಮೀಟರ್. ದಕ್ಷಿಣ ಧ್ರುವದ ವಸಂತದಲ್ಲಿ ಆ ಹಿಮದ ಮೇಲೆ ಕಪ್ಪು ಚುಕ್ಕೆಗಳೂ ಬೀಸಣಿಗೆಗಳೂ ಮೂಡಿ, ಹಿಮ ಹೋದ ಮೇಲೆ ಜೇಡದ ಕಾಲುಗಳಂಥ ಕೊರಕಲುಗಳು ಉಳಿಯುವುದು ಕಂಡಿತು. 2006ರಲ್ಲಿ ಹ್ಯೂ ಕೀಫರ್ ಮತ್ತು ಸಂಗಡಿಗರು ವಿವರಣೆ ಕೊಟ್ಟರು. ಗಾಜಿನಂತೆ ಪಾರದರ್ಶಕವಾದ ಹಿಮದೊಳಗೆ ಬಿಸಿಲು ಇಳಿದು ತಳದ ನೆಲವನ್ನು ಕಾಯಿಸುತ್ತದೆ. ಅಡಿಯಲ್ಲಿ ಸೇರಿದ ಅನಿಲ ಹಿಮವನ್ನು ಸೀಳಿ ಧೂಳಿನೊಡನೆ ಚಿಮ್ಮುತ್ತದೆ. ಭೂಮಿಯಲ್ಲಿ ಇದಕ್ಕೆ ಸಾಟಿಯಾದ ವಸಂತವೇ ಇಲ್ಲ. ಭೂಮಿಯ ವಸಂತವನ್ನು ಅಲ್ಲಿ ಹುಡುಕುವುದನ್ನು ಬಿಟ್ಟ ಮೇಲೆಯೇ ಮಂಗಳನ ವಸಂತ ಕಣ್ಣಿಗೆ ಬಿತ್ತು.

ಮತ್ತೊಮ್ಮೆ ಅದೇ ಕಥೆ

ಹಳೆಯ ತಪ್ಪನ್ನು ಮತ್ತೆ ಯಾರೂ ಮಾಡಲಾರರು ಎಂದುಕೊಂಡರೆ ಅದೂ ತಪ್ಪಾದೀತು. 2011ರಲ್ಲಿ ಮಾರ್ಸ್ ರಿಕಾನಸೆನ್ಸ್ ಆರ್ಬಿಟರ್ ನೌಕೆಯ ಚಿತ್ರಗಳಲ್ಲಿ, ಬೆಚ್ಚಗಿನ ಇಳಿಜಾರುಗಳ ಮೇಲೆ ಕೆಲವೇ ಮೀಟರ್ ಅಗಲದ ಕಪ್ಪು ಗೆರೆಗಳು ಕಂಡವು. ನೇಪಾಳ ಮೂಲದ ವಿದ್ಯಾರ್ಥಿ ಲುಜೇಂದ್ರ ಓಝಾ ಅವುಗಳನ್ನು ಮೊದಲು ಗುರುತಿಸಿದರು. ಗೆರೆಗಳು ಬೇಸಿಗೆಯಲ್ಲಿ ಕೆಳಮುಖವಾಗಿ ಬೆಳೆದು, ಚಳಿಯಲ್ಲಿ ಮಾಸಿ, ಮುಂದಿನ ವರ್ಷ ಮತ್ತೆ ಮೂಡುತ್ತಿದ್ದವು. ಉಪ್ಪುನೀರು ಒಸರುತ್ತಿರಬಹುದೇ? 2015ರಲ್ಲಿ ಅಲ್ಲಿ ತೇವ ಹಿಡಿದ ಲವಣಗಳ ಗುರುತು ಸಿಕ್ಕಿತೆಂದು ಪ್ರಕಟವಾದಾಗ, ಮಂಗಳನಲ್ಲಿ ಹರಿಯುವ ನೀರು ಎಂಬ ಸುದ್ದಿ ಪತ್ರಿಕೆಗಳ ಮುಖಪುಟ ಸೇರಿತು.

2017ರಲ್ಲಿ ಕಾಲಿನ್ ಡುಂಡಾಸ್ ಮತ್ತು ಸಂಗಡಿಗರು ಗೆರೆಗಳು ಎಲ್ಲಿ ನಿಲ್ಲುತ್ತವೆ ಎಂದು ಅಳೆದರು. ಒಣ ಮರಳು ಜಾರುವುದು ನಿಲ್ಲಿಸುವ ಕಡಿದಾದ ಕೋನದಲ್ಲೇ ಅವೂ ನಿಲ್ಲುತ್ತಿದ್ದವು. ನೀರಾಗಿದ್ದರೆ ಇನ್ನೂ ಕೆಳಕ್ಕೆ ಹರಿಯಬೇಕಿತ್ತು. ಮರುವರ್ಷ ಇನ್ನೊಂದು ಅಧ್ಯಯನ, ಲವಣದ ಗುರುತೂ ಉಪಕರಣದ ಮಾಹಿತಿಯನ್ನು ಸಂಸ್ಕರಿಸುವಾಗ ಹುಟ್ಟುವ ದೋಷವಾಗಿರಬಹುದೆಂದು ತೋರಿಸಿತು. ಗೆರೆಗಳು ಋತುವಿನೊಡನೆ ಏಕೆ ಬದಲಾಗುತ್ತವೆ ಎಂಬುದರ ಚರ್ಚೆ ಮುಗಿದಿಲ್ಲವಾದರೂ, ಒಣ ಮರಳು ಮತ್ತು ಧೂಳಿನತ್ತಲೇ ಹೆಚ್ಚಿನವರ ಒಲವು. 2011ರಲ್ಲಿ ನೀರಿನ ಸಾಧ್ಯತೆಯನ್ನು ಮುಂದಿಟ್ಟ ತಂಡದ ಮುಖ್ಯಸ್ಥ ಆಲ್ಫ್ರೆಡ್ ಮೆಕ್‌ಇವನ್, 2017ರ ಪ್ರಬಂಧದ ಲೇಖಕರಲ್ಲೂ ಒಬ್ಬರು. ಸಿಂಟನ್ ಅವರ ಕಥೆ ಅರ್ಧ ಶತಮಾನದ ನಂತರ ಮರುಕಳಿಸಿತ್ತು.

ಬ್ಯಾಲಾಳಿಗೆ ಬಂದ ಚಿತ್ರ

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ಮಂಗಳಯಾನ, 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿತು. ಅದರ ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ. ಅದರ ಸಂಕೇತಗಳನ್ನು ಹಿಡಿದದ್ದು ನಗರದ ಹೊರವಲಯದ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ. ನೌಕೆಯ ಕಕ್ಷೆ ಬಹಳ ಉದ್ದನೆಯ ಅಂಡಾಕಾರದ್ದಾಗಿತ್ತು. ದೂರದ ತುದಿಯಲ್ಲಿ ಸುಮಾರು 77 ಸಾವಿರ ಕಿಲೋಮೀಟರ್ ಎತ್ತರದಿಂದ ಇಡೀ ಗ್ರಹದ ಬಿಂಬ ಒಂದೇ ಚಿತ್ರದಲ್ಲಿ ಸಿಗುತ್ತಿತ್ತು. ತಲುಪಿದ ಮೊದಲ ವಾರದಲ್ಲೇ ಕಳುಹಿಸಿದ ಅಂಥ ಚಿತ್ರವೊಂದರಲ್ಲಿ ಉತ್ತರಾರ್ಧದಲ್ಲಿ ಏಳುತ್ತಿದ್ದ ಧೂಳಿನ ಬಿರುಗಾಳಿ ಕಾಣಿಸಿತು. ಆರು ತಿಂಗಳಿಗೆಂದು ಕಟ್ಟಿದ ನೌಕೆ 2022ರ ಏಪ್ರಿಲ್‌ನಲ್ಲಿ ಸಂಪರ್ಕ ಕಡಿಯುವವರೆಗೆ ಏಳೂವರೆ ವರ್ಷ ಸುತ್ತಿತು. ಎಂದರೆ ಮಂಗಳನ ಸುಮಾರು ನಾಲ್ಕು ವಸಂತಗಳು.

ಲೊವೆಲ್ ತೀರಿಕೊಂಡದ್ದು 1916ರಲ್ಲಿ. ಎರಡು ದಶಕಗಳಿಗೂ ಹೆಚ್ಚು ಕಾಲ ಆತ ನೋಡಲು ಹಂಬಲಿಸಿದ್ದು ಇದನ್ನೇ: ಕಿತ್ತಳೆ ಬಿಂಬ, ಧ್ರುವದ ಬಿಳುಪು, ನಡುವೆ ಕಪ್ಪು. ಬಿಂಬ ಬದಲಾಗಿಲ್ಲ. ಹೈಗೆನ್ಸ್ ಬರೆದ ಆ ತ್ರಿಕೋನ ಇಂದಿಗೂ ಅಲ್ಲೇ ಇದೆ. ಅದರ ಅಂಚು ಮಾತ್ರ ವರ್ಷದಿಂದ ವರ್ಷಕ್ಕೆ ಗಾಳಿ ತಂದ ಧೂಳಿಗೆ ತಕ್ಕಂತೆ ತುಸು ಹಿಂದೆ ಮುಂದೆ ಸರಿಯುತ್ತಿರುತ್ತದೆ.